ಮೂರನೆಯ ಸಲ ಕೇಳಬೇಕು

ನೋವು ಹತ್ತರಲ್ಲಿ ಎಷ್ಟು ಎಂದು ನರ್ಸ್ ಕೇಳಿದಾಗ ಆರ್ವಿಡ್ ಟೋರ್ಸನ್ ಛಾವಣಿಯ ಕಡೆ ನೋಡಿ, ಮನಸ್ಸಿನಲ್ಲೇ ಲೆಕ್ಕ ಹಾಕುವವನ ಹಾಗೆ ತುಟಿ ಒತ್ತಿಕೊಂಡು, "ಎರಡು ಇರಬೋದು" ಅಂದ. ನರ್ಸ್ ಎರಡು ಎಂದು ಬರೆದುಕೊಂಡು ಹೋದಳು. ಅವನ ಸೊಂಟದ ಮೂಳೆ ಎರಡು ಕಡೆ ಬಿರುಕು ಬಿಟ್ಟಿತ್ತು.

ಮಂಚದ ಪಕ್ಕದ ಕುರ್ಚಿಯಲ್ಲಿ ಕೋಟು ಕೂಡ ಕಳಚದೆ ಅವನ ಹೆಂಡತಿ ಇನೆಜ್ ಕೂತಿದ್ದಳು. ಎರಡು ಅನ್ನುವುದು ಸುಳ್ಳು ಎಂದು ಅವಳಿಗೆ ಗೊತ್ತಿತ್ತು. ಆದರೆ ಟೋರ್ಸನ್ ಮನೆತನದಲ್ಲಿ ನೋವಿನ ಅಳತೆಗೋಲೇ ಬೇರೆ. ಆರ್ವಿಡ್‌ನ ಅಪ್ಪನ ಎರಡು ಬೆರಳು ಮೆಕ್ಕೆಜೋಳ ಕೀಳುವ ಯಂತ್ರಕ್ಕೆ ಸಿಕ್ಕಿ ಹೋದಾಗ ಆತ ಹೊಲದಿಂದ ನಡೆದು ಬಂದು, ಹೊಸಿಲಲ್ಲಿ ಬೂಟು ಬಿಚ್ಚಿಟ್ಟು, ಒರೆಸಿದ ನೆಲ ಕೊಳೆಯಾಗದ ಹಾಗೆ ತುದಿಗಾಲಲ್ಲಿ ಅಡುಗೆಮನೆಗೆ ಬಂದು, "ಊಟ ಆದ್ಮೇಲೆ ಯಾರಿಗಾದ್ರೂ ಬಿಡುವಿದ್ರೆ ನನ್ನ ಡಾಕ್ಟರ್ ಹತ್ರ ಬಿಡಬೋದಾ" ಎಂದು ಕೇಳಿದನಂತೆ. ಆ ಕಥೆಯನ್ನು ಆ ಮನೆಯಲ್ಲಿ ಎಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದಾರೆ. ಅಪ್ಪನದು ಆರು ಎಂದು ಲೆಕ್ಕ ಹಿಡಿದರೆ ಮಗನ ಬಿರುಕಿಗೆ ಎರಡೇ ಜಾಸ್ತಿ.

ಬಿದ್ದದ್ದು ಹಿಂದಿನ ದಿನ, ಭಾನುವಾರ. ಚರ್ಚಿನ ನೆಲಮಾಳಿಗೆಯಲ್ಲಿ ಪ್ರಾರ್ಥನೆಯ ನಂತರದ ಕಾಫಿ ಕೂಟ ಮುಗಿದಿತ್ತು. ಇನೆಜ್ ಪಾತ್ರೆ ತೊಳೆದು ಬರುವಷ್ಟರಲ್ಲಿ ಕಾರು ಬೆಚ್ಚಗಾಗಿರಲಿ ಎಂದು ಆರ್ವಿಡ್ ಹೊರಗೆ ಹೋದ. ಮಿನೆಸೋಟದ ನವೆಂಬರಿನಲ್ಲಿ ಗಂಡ ಹೆಂಡತಿಗೆ ತೋರಿಸುವ ಪ್ರೀತಿ ಎಂದರೆ ಇದೇ, ಮೊದಲು ಹೋಗಿ ಕಾರು ಬಿಸಿ ಮಾಡಿಡುವುದು. ಅದಕ್ಕಿಂತ ಹೆಚ್ಚಿನದನ್ನು ಬಾಯಿಬಿಟ್ಟು ಹೇಳುವವರು ಬೇರೆ ರಾಜ್ಯದಿಂದ ಬಂದವರು. ಕಾರಿನ ಪಕ್ಕ ಬಿದ್ದ ಆರ್ವಿಡ್ ತಾನೇ ಎದ್ದು, ಹಿಮ ಕೊಡವಿಕೊಂಡು, "ಐಸ್ ಇತ್ತು" ಎಂದು ಹೇಳಿ, ಮನೆವರೆಗೆ ಕಾರು ಓಡಿಸಿದ. ಹುರಿದ ಮಾಂಸ, ಆಲೂಗಡ್ಡೆ ತಿಂದ. ಟಿವಿಯಲ್ಲಿ ತನ್ನ ಫುಟ್‌ಬಾಲ್ ತಂಡ ಸೋಲುವುದನ್ನು ಕೊನೆಯ ನಿಮಿಷದವರೆಗೂ ನೋಡಿದ. ಆಮೇಲೆ ಕುರ್ಚಿಯಿಂದ ಏಳಲು ಹೋದರೆ ಆಗಲಿಲ್ಲ.

"ಸ್ವಲ್ಪ ಹಿಡ್ಕೊಂಡಿದೆ" ಅಂದ.

ಅವನನ್ನು ಎಬ್ಬಿಸಲು ಹೋಗಿ ಇನೆಜ್‌ಳ ಬಲಭುಜ ಕಟಕ್ಕೆಂದಿತು. ಅವಳಿಗೆ ಎಪ್ಪತ್ತೆಂಟು, ಅವನಿಗೆ ಎಂಬತ್ತೊಂದು, ಅವನ ತೂಕ ಅವಳ ಎರಡರಷ್ಟು. ಆಂಬುಲೆನ್ಸ್ ಕರೆಯುತ್ತೇನೆ ಎಂದಾಗ ಆರ್ವಿಡ್, "ಸೈರನ್ ಹಾಕ್ಬೇಡಿ ಅಂತ ಹೇಳು, ಅಕ್ಕಪಕ್ಕದವ್ರು ಒಂದು ನಿದ್ದೆ ತೆಗೀತಿರ್ತಾರೆ" ಅಂದ.

ಹಾಗೆ ಕೌಂಟಿ ಆಸ್ಪತ್ರೆಯ ಮಂಚಕ್ಕೆ ಬಂದದ್ದು. ಈಗ ಸೋಮವಾರ ಬೆಳಗ್ಗೆ.

"ಇನೆಜ್, ಒಂದು ಕಾಫಿ ತರ್ತೀಯಾ" ಅಂದ ಆರ್ವಿಡ್.

"ಈಗ ತಾನೆ ತಂದೆನಲ್ಲ."

"ಅದು ತಣ್ಣಗಾಯ್ತು."

ಕ್ಯಾಂಟೀನು ಇದ್ದದ್ದು ಕೆಳಗಿನ ಮಹಡಿಯಲ್ಲಿ, ಉದ್ದನೆಯ ಓಣಿಯ ಆ ತುದಿಗೆ. ಬೆಳಗಿನಿಂದ ಇನೆಜ್ ಎಷ್ಟು ಸಲ ಹೋಗಿ ಬಂದಳೋ, ಕಿಟಕಿಯ ಕಟ್ಟೆಯ ಮೇಲೆ ಕಾಗದದ ಲೋಟಗಳು ಸಾಲುಗಟ್ಟಿ ನಿಂತಿದ್ದವು. ಒಂದರಲ್ಲೂ ಒಂದು ಗುಟುಕಿಗಿಂತ ಹೆಚ್ಚು ಖಾಲಿಯಾಗಿರಲಿಲ್ಲ. ಆಸ್ಪತ್ರೆಯ ಕಾಫಿ ಚೆನ್ನಾಗಿಲ್ಲ, ಆದರೂ ಚೆನ್ನಾಗಿಲ್ಲ ಎಂದು ಹೇಳಲು ಇವನಿಗೆ ಬಾಯಿಲ್ಲ ಎಂದು ಇನೆಜ್ ಅಂದುಕೊಂಡಳು. ಐವತ್ತಾರು ವರ್ಷ ಸಂಸಾರ ಮಾಡಿದ ಮೇಲೆ ಗಂಡನ ಬಗ್ಗೆ ಇಂಥ ತೀರ್ಮಾನಕ್ಕೆ ಬರಲು ಹೆಂಡತಿಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಅದು ತಪ್ಪೋ ಸರಿಯೋ ಎಂದು ತಿರುಗಿ ನೋಡುವ ಅಭ್ಯಾಸವೂ ಇರುವುದಿಲ್ಲ.

ಲೋಟ ಹಿಡಿದು ಅವಳು ಮೇಲೆ ಬರುವ ಹೊತ್ತಿಗೆ ಡಾಕ್ಟರ್ ಬಂದಿದ್ದಳು. ಮರಿಸೆಲ ಟ್ರೆವಿನ್ಯೊ ಎಂದು ಹೆಸರು, ಟೆಕ್ಸಾಸಿನ ತೆಂಕಣ ತುದಿಯವಳು, ಈ ಊರಿಗೆ ಬಂದು ಎರಡೇ ತಿಂಗಳಾಗಿತ್ತು. ಬಿಳಿ ಕೋಟಿನ ಕೆಳಗೆ ಎರಡು ಸ್ವೆಟರು ಹಾಕಿಕೊಂಡಿದ್ದಳು. ನಗುಮುಖದ ಹುಡುಗಿ.

"ಒಳ್ಳೆ ಸುದ್ದಿ" ಅಂದಳು. "ಆಪರೇಷನ್ ಬೇಕಾಗಿಲ್ಲ, ಈ ಬಿರುಕು ತಾನಾಗೇ ಕೂಡ್ಕೊಳ್ಳುತ್ತೆ. ನೋವೂ ಎರಡೇ ಇದೆ. ಮಾತ್ರೇಲೇ ನಡೀತಿದೆ. ನಾಳೆ ಬೆಳಗ್ಗೆ ಮನೆಗೆ ಹೋಗ್ಬೋದು. ಇನ್ನೂ ಸ್ವಲ್ಪ ಜೋರಾದ ಔಷಧ ಏನಾದ್ರೂ ಬೇಕಾ, ಆರ್ವಿಡ್ ಅವ್ರೇ?"

"ಏನೂ ಬೇಡ."

"ಸರಿ ಹಾಗಾದ್ರೆ" ಎಂದು ಡಾಕ್ಟರ್ ಹೊರಟೇಬಿಟ್ಟಳು.

ಇನೆಜ್ ಬಾಗಿಲನ್ನೇ ನೋಡುತ್ತ ನಿಂತಳು. ಸರಿ ಹಾಗಾದ್ರೆ ಅಂದರೆ ಏನು? ಒಂದೇ ಸಲ ಕೇಳಿ ಹೋಗುವುದೆಂದರೇನು? ಆ ಸೀಮೆಯಲ್ಲಿ ಒಂದು ಲೋಟ ನೀರು ಕೊಡಬೇಕಾದರೂ ಮೂರು ಸಲ ಕೇಳಬೇಕು. ಮೊದಲ ಸಲ ಬೇಡ ಅನ್ನುವುದು ಸಂಸ್ಕಾರ. ಎರಡನೆಯ ಸಲ, ಅಯ್ಯೋ ನಿಮಗ್ಯಾಕೆ ತೊಂದರೆ ಅನ್ನುವುದು ಮರ್ಯಾದೆ. ಮೂರನೆಯ ಸಲ ಬರುವ ಉತ್ತರ ಮಾತ್ರ ನಿಜ. ಚರ್ಚಿನ ನೆಲಮಾಳಿಗೆಯಲ್ಲಿ ತಟ್ಟೆಯ ಕೊನೆಯ ಕೇಕಿನ ತುಂಡನ್ನು ಯಾರೂ ಪೂರ್ತಿ ಎತ್ತಿಕೊಳ್ಳುವುದಿಲ್ಲ. ಒಬ್ಬರು ಅರ್ಧ ಕತ್ತರಿಸುತ್ತಾರೆ, ಇನ್ನೊಬ್ಬರು ಅರ್ಧದಲ್ಲಿ ಅರ್ಧ, ಕೊನೆಗೆ ಇರುವೆಗೆ ಸಾಲುವಷ್ಟು ಉಳಿದಿರುತ್ತದೆ, ಅದನ್ನೂ ಹಾಗೇ ಬಿಟ್ಟು ಎಲ್ಲರೂ ಮನೆಗೆ ಹೋಗುತ್ತಾರೆ. ಅಂಥ ಊರಿನ ಮುದುಕನನ್ನು ಒಂದು ಸಲ ಕೇಳಿ ಹೊರಟರೆ ಅವನು ಸತ್ತರೂ ಬೇಕು ಅನ್ನಲಾರ.

ಇಷ್ಟೆಲ್ಲ ಮನಸ್ಸಿನಲ್ಲಿ ಅಂದುಕೊಂಡ ಇನೆಜ್ ಡಾಕ್ಟರ ಬೆನ್ನಿಗೆ ಹೇಳಿದ್ದು, "ತುಂಬ ಥ್ಯಾಂಕ್ಸ್" ಎಂದು ಮಾತ್ರ. ಅವಳೂ ಅದೇ ಊರಿನವಳು.

ನಾಳೆ ಬೆಳಗ್ಗೆ ಮನೆ. ಕುರ್ಚಿಗೆ ಕುಸಿದು ಅವಳು ಮನೆಯನ್ನು ಕಣ್ಣ ಮುಂದೆ ತಂದುಕೊಂಡಳು. ಸ್ನಾನದಮನೆ ಇದ್ದದ್ದು ಮಹಡಿಯ ಮೇಲೆ, ಏಣಿಯಂಥ ಕಡಿದಾದ ಮೆಟ್ಟಿಲು ಹತ್ತಿ. ಇವನ ಎಡಗಾಲು ನೆಲಕ್ಕೆ ತಾಕಿಸಲಾಗುತ್ತಿಲ್ಲ, ತನ್ನ ಬಲಗೈ ತಲೆ ಬಾಚಲು ಏಳುತ್ತಿಲ್ಲ. ಆಸ್ಪತ್ರೆಯ ಪಕ್ಕದ ಪೈನ್ ಮರಗಳ ಸಾಲಿನಾಚೆ ಲುಥೆರನ್ ಚರ್ಚಿನವರ ಆರೈಕೆ ಮನೆ ಇತ್ತು. ಅಲ್ಲಿ ಎರಡು ಮೂರು ವಾರ ಇಟ್ಟುಕೊಂಡು ಮತ್ತೆ ನಡೆಯಲು ಕಲಿಸಿ ಕಳಿಸುತ್ತಾರೆ. ಅಲ್ಲಿಗೆ ಹೋದರೆ ಆರ್ವಿಡ್ ಮತ್ತೆ ಕಾಲ ಮೇಲೆ ನಿಲ್ಲುತ್ತಾನೆ. ಮನೆಗೆ ಬಂದರೆ ಆ ಕುರ್ಚಿಯಲ್ಲೇ ಉಳಿಯುತ್ತಾನೆ, ಬಹುಶಃ ಕೊನೆಯವರೆಗೂ. ಇನೆಜ್‌ಗೆ ಹೆದರಿಕೆಯಾಯಿತು.

ಅಷ್ಟರಲ್ಲಿ ಲವೋನ್ ಬಂದಳು, ಕೈಯಲ್ಲಿ ಖರ್ಜೂರದ ತಿಂಡಿಯ ಡಬ್ಬಿ. ನಲವತ್ತು ವರ್ಷದಿಂದ ಇನೆಜ್‌ಳ ಇಸ್ಪೀಟಿನ ಜೊತೆಗಾತಿ, ಮೂರು ವರ್ಷದಿಂದ ವಿಧವೆ. ಆ ಊರಿನಲ್ಲಿ ಅಪರೂಪಕ್ಕೆ ಹುಟ್ಟಿದ ಬಾಯಾಳಿ.

"ಹೇಗಿದೀಯಾ ಆರ್ವಿಡ್?"

"ಪರವಾಗಿಲ್ಲ."

"ಪರವಾಗಿಲ್ಲ ಅಂದ್ರೆ ಹೆಣ ಎತ್ತೋಕೆ ಜನ ಬಂದಿಲ್ಲ ಅಂತ ಅರ್ಥ" ಎಂದು ಲವೋನ್ ಇನೆಜ್‌ಳ ಕಡೆ ತಿರುಗಿದಳು. "ಅಡ್ಮಿಟ್ ಮಾಡ್ಕೊಂಡ್ರಾ?"

"ಕಾಣ್ತಿಲ್ವಾ? ಮಂಚ ಇದೆ, ಕೈಗೆ ಪಟ್ಟಿ ಇದೆ, ಹಿಂದೆ ಕಟ್ಟೋ ಗೌನಿದೆ. ಬೆನ್ನೆಲ್ಲ ಬಯಲು."

"ಬೆನ್ನು ಬಯಲಾದ ಮಾತ್ರಕ್ಕೆ ಅಡ್ಮಿಟ್ ಅಲ್ಲ ಕಣೇ. ಬಾ ಹೊರಗೆ."

ಓಣಿಯ ಬೆಂಚಿನ ಮೇಲೆ ಕೂರಿಸಿ, ಕೈಗೆ ಒಂದು ತಿಂಡಿಯ ತುಂಡು ತುರುಕಿ, ಲವೋನ್ ಶುರುಮಾಡಿದಳು.

"ನಮ್ಮ ಮಿಲ್ಟನ್ ಬಿದ್ದಾಗ ನಾಲ್ಕು ದಿನ ಇಂಥದೇ ಮಂಚದ ಮೇಲಿದ್ದ. ಜೆಲ್ಲಿ ತಿಂದ, ಸೂಜಿ ಚುಚ್ಚಿಸ್ಕೊಂಡ, ಆಮೇಲೆ ಆರೈಕೆ ಮನೆಗೆ ಹೋದ. ಅಲ್ಲಿಂದ ಬಂತು ನೋಡು ಬಿಲ್ಲು. ಸರ್ಕಾರದ ಮೆಡಿಕೇರ್ ವಿಮೆ ಕೊಡಲ್ವಾ ಅಂತ ಫೋನ್ ಮಾಡಿದ್ರೆ, ನಿಮ್ಮ ಯಜಮಾನ್ರು ಆಸ್ಪತ್ರೇಲಿ ಅಡ್ಮಿಟ್ ಆಗೇ ಇರ್ಲಿಲ್ಲ ಅಂದ್ರು. ಹಾಗಾದ್ರೆ ನಾಲ್ಕು ದಿನ ನಾನು ಹೋಗಿ ಯಾರ ಕಾಲು ಒತ್ತಿ ಬಂದೆ ಅಂತ ಕೇಳ್ದೆ. ಅವ್ರನ್ನ ನಿಗಾದಲ್ಲಿ ಇಟ್ಟಿದ್ರು ಅಷ್ಟೇ, ಅಂದ್ರು."

"ನಿಗಾ ಅಂದ್ರೆ?"

"ನಿಗಾ ಅಂದ್ರೆ, ನೀನು ಒಳಗೆ ಮಲಗಿದ್ರೂ ಸರ್ಕಾರದ ಕಣ್ಣಿಗೆ ಜಗಲೀಲಿ ಕೂತಿದೀಯ ಅಂತ. ಹೊರರೋಗಿ. ಡಾಕ್ಟರು ಅಡ್ಮಿಟ್ ಅಂತ ಬರೀಬೇಕು. ಬರೆದ ಮೇಲೆ ಮೂರು ದಿನ ಇರ್ಬೇಕು. ನಿನ್ನೆ ರಾತ್ರಿ ಮಲಗಿದ್ದು ಲೆಕ್ಕಕ್ಕೇ ಬರಲ್ಲ. ಹಾಗೆ ಮೂರು ದಿನ ಆದ್ರೆ ಆರೈಕೆ ಮನೇಲಿ ಮೊದಲ ಇಪ್ಪತ್ತು ದಿನ ಪೂರ್ತಿ ಮೆಡಿಕೇರ್‌ದು. ಆಮೇಲೆ ನೂರನೇ ದಿನದವರೆಗೆ ದಿನಕ್ಕಿಷ್ಟು ಅಂತ ನಮ್ಮ ಪಾಲು. ನಿಮ್ಮ ಹತ್ರ ಅದ್ರ ಮೇಲೊಂದು ಪೂರಕ ವಿಮೆ ಇದೆಯಲ್ಲ, ಆ ಪಾಲು ಅದು ಕಟ್ಟುತ್ತೆ."

"ನಿಗಾದಲ್ಲೇ ಬಿಟ್ರೆ?"

"ಒಂದು ದಿನಕ್ಕೂ ಇಲ್ಲ. ಎಲ್ಲ ನಿನ್ನ ಕೈಯಿಂದ. ಆಸ್ಪತ್ರೇಲಿ ಕೊಡೋ ಅವನ ದಿನದ ಬಿಪಿ ಮಾತ್ರೆಗೂ ಬೇರೆ ಬಿಲ್ಲು." ಲವೋನ್ ಡಬ್ಬಿಯ ಮುಚ್ಚಳ ಒತ್ತಿದಳು. "ನಾವು ದೋಣಿ ಮಾರಿದ್ವಿ. ಮಿಲ್ಟನ್ ಆ ದೋಣಿಗೆ ನನ್ನ ಹೆಸ್ರು ಇಟ್ಟಿದ್ದ. ಈಗ ಯಾವನೋ ಒಬ್ಬ ಹಲ್ಲಿನ ಡಾಕ್ಟರು ಲವೋನ್ ಮೇಲೆ ಕೂತ್ಕೊಂಡು ಮೀನು ಹಿಡೀತಾನೆ."

ಇಬ್ಬರೂ ನಕ್ಕರು. ನಗುತ್ತಲೇ ಲವೋನ್‌ಳ ಕಣ್ಣು ತುಂಬಿತು. ಇನೆಜ್ ಬೇರೆ ಕಡೆ ನೋಡಿದಳು, ಏಕೆಂದರೆ ಆ ಊರಿನಲ್ಲಿ ಅದೇ ಮರ್ಯಾದೆ.

"ಹೋಗಿ ಡಾಕ್ಟರನ್ನ ಕೇಳು" ಅಂದಳು ಲವೋನ್.

ಇನೆಜ್ ಹೋದಳು. ನರ್ಸುಗಳ ಮೇಜಿನ ಹತ್ತಿರ ಡಾಕ್ಟರ್ ನಿಂತಿದ್ದಳು.

"ಏನಾದ್ರೂ ಬೇಕಿತ್ತಾ ಅಮ್ಮಾ?"

"ಇಲ್ಲ ಇಲ್ಲ. ಬುಧವಾರ ಹಿಮ ಬೀಳುತ್ತಂತೆ" ಅಂದಳು ಇನೆಜ್.

"ಹೌದಾ?"

"ಹಾಗಂತಾರೆ. ಬೀಳದೇನೂ ಇರಬೋದು." ಇನೆಜ್ ತಿರುಗಿ ಬೆಂಚಿಗೆ ಬಂದಳು.

"ಏನಂದ್ರು?" ಎಂದು ಲವೋನ್ ಕೇಳಿದಳು.

"ಕೆಲಸದಲ್ಲಿದ್ರು ಪಾಪ."

"ಹವಾಮಾನ ಮಾತಾಡಿ ಬಂದ್ಯಾ?"

ಇನೆಜ್ ಕೋಟಿನ ಗುಂಡಿ ತಿರುವಿದಳು.

"ಅಳದಿದ್ರೆ ಹೆತ್ತ ತಾಯೀನೂ ಹಾಲು ಕೊಡಲ್ಲ ಕಣೇ. ನೀವಿಬ್ರೂ ಅಳಲ್ಲ. ಅವನು ಮೂಳೆ ಮುರ್ಕೊಂಡು ಎರಡು ಅಂತಾನೆ, ನೀನು ಬುಧವಾರ ಹಿಮ ಅಂತೀಯ. ನಾಳೆ ಆ ಮೆಟ್ಟಿಲು ಹತ್ತಿಸೋರು ಯಾರು, ಹವಾಮಾನ ಇಲಾಖೆಯವ್ರಾ?"

ಈ ಮಾತು ಇನೆಜ್‌ಗೆ ನಾಟಿತು. ಅವಳು ಎದ್ದು, ಕೊನೆಗೂ ಕೋಟು ಕಳಚಿ ಲವೋನ್‌ಳ ಮಡಿಲಿಗೆ ಹಾಕಿ, ಮತ್ತೆ ಹೋದಳು. ತೊಂದರೆ ಕೊಡ್ತಿದೀನಿ ಕ್ಷಮಿಸಿ ಎಂಬಲ್ಲಿಂದ ಶುರುವಾಯಿತು, ಆದರೆ ಈ ಸಲ ಮಾತು ಅಲ್ಲಿಗೇ ನಿಲ್ಲಲಿಲ್ಲ.

"ನನ್ನ ಗಂಡನ್ನ ಅಡ್ಮಿಟ್ ಮಾಡ್ಕೊಂಡಿದೀರಾ, ನಿಗಾದಲ್ಲಿ ಇಟ್ಟಿದೀರಾ?"

ಡಾಕ್ಟರ್ ಅಡ್ಡಗೋಡೆಯ ಮೇಲೆ ದೀಪ ಇಡಲಿಲ್ಲ. "ನಿಗಾದಲ್ಲಿ" ಅಂದಳು. "ಸಂಜೆ ಅದನ್ನ ನಿಮಗೆ ತಿಳಿಸ್ಬೇಕು ಅಂತಲೇ ಇದ್ದೆ. ನೀವು ಯಾಕೆ ಕೇಳ್ತಿದೀರ ಅಂತ ಗೊತ್ತು. ಆರೈಕೆ ಮನೆ. ಆದ್ರೆ ನಾನೇನು ಮಾಡ್ಲಿ? ಆಪರೇಷನ್ ಇಲ್ಲ, ನೋವು ಎರಡು, ಮಾತ್ರೆ ಸಾಕು ಅಂತಾರೆ. ಇಂಥೋರನ್ನ ಯಾಕೆ ಅಡ್ಮಿಟ್ ಮಾಡ್ಕೊಂಡೆ ಅಂತ ನಾಳೆ ಮೆಡಿಕೇರ್‌ನವ್ರು ನನ್ನ ಕೇಳ್ತಾರೆ. ಇಲ್ಲದಿರೋದನ್ನ ಇದೆ ಅಂತ ಬರೆಯೋಕೆ ನನಗಾಗಲ್ಲ."

"ನೀವು ಸುಳ್ಳು ಬರೆಯೋದು ಬೇಡ" ಅಂದಳು ಇನೆಜ್. ಅವಳ ಮುಖ ಕೆಂಪಾಗಿತ್ತು. "ಸುಳ್ಳು ಹೇಳ್ತಿರೋನು ಅವನು."

"ಯಾರಾದ್ರೂ ನೋವಿಲ್ಲ ಅಂತ ಸುಳ್ಳು ಹೇಳ್ತಾರಾ?"

"ಇಲ್ಲಿ ಎಲ್ರೂ ಹಾಗೇನೇ. ಪರವಾಗಿಲ್ಲ ಅಂದ್ರೆ ತುಂಬ ನೋವು ಅಂತ. ಇದಕ್ಕಿಂತ ಕೆಟ್ಟದಾಗ್ಬೋದಿತ್ತು ಅಂದ್ರೆ ಪಾದ್ರಿಗೆ ಫೋನ್ ಮಾಡ್ಬೇಕು ಅಂತ. ನೀವು ಒಂದೇ ಸಲ ಕೇಳಿದ್ರಿ. ಒಂದು ಸಲ ಕೇಳಿದ್ರೆ ನಾವು ಬೇಡ ಅಂತೀವಿ. ಎರಡನೇ ಸಲವೂ ಬೇಡ ಅಂತೀವಿ. ಮೂರನೇ ಸಲ ಕೇಳಿ. ಕೂತ್ಕೊಂಡು ಕೇಳಿ, ನಿಂತ್ಕೊಂಡಲ್ಲ."

ಡಾಕ್ಟರ್ ಅವಳನ್ನೇ ನೋಡಿದಳು. ಆಮೇಲೆ ಅವಳ ಬಾಯಂಚಿನಲ್ಲಿ ನಗು ಬಂತು. "ನಮ್ಮಜ್ಜಿ ಕಾಲಿಗೆ ಮುಳ್ಳು ಚುಚ್ಚಿದ್ರೆ ಮೂರು ಬೀದಿಯವ್ರು ಓಡಿ ಬರ್ತಿದ್ರು. ಹೊಟ್ಟೆನೋವು ಬಂದ್ರೆ ಆಸ್ತಿ ಹಂಚೋಕೆ ಶುರು ಮಾಡ್ತಿದ್ಳು. ನಾನು ಅಂಥೋರ ಮಧ್ಯೆ ಬೆಳೆದೋಳು. ಎರಡು ಅಂದ್ರೆ ಎರಡು ಅಂತಲೇ ನಂಬಿಬಿಟ್ಟೆ." ಅವಳು ಕೈಯಲ್ಲಿದ್ದ ಕಾಗದಗಳನ್ನು ಮೇಜಿನ ಮೇಲಿಟ್ಟಳು. "ನಡೀರಿ ಅಮ್ಮಾ."

ಕೋಣೆಯಲ್ಲಿ ಆರ್ವಿಡ್ ಹಾಗೇ ಛಾವಣಿ ನೋಡುತ್ತಿದ್ದ. ಡಾಕ್ಟರ್ ಕುರ್ಚಿ ಎಳೆದುಕೊಂಡು ಮಂಚಕ್ಕೆ ಮೊಣಕಾಲು ತಾಕುವಷ್ಟು ಹತ್ತಿರ ಕೂತಳು.

"ನೋವು ಹೇಗಿದೆ?"

"ಪರವಾಗಿಲ್ಲ."

ಡಾಕ್ಟರ್ ಏಳಲಿಲ್ಲ. ಎಂಥ ಬೆಳೆ ಹಾಕುತ್ತಿದ್ದಿರಿ ಎಂದು ಕೇಳಿದಳು. ಸಕ್ಕರೆ ಗೆಡ್ಡೆ, ಗೋಧಿ, ಎಂದ. ಎಷ್ಟು ವರ್ಷ ಎಂದು ಕೇಳಿದಳು. ಬಹಳ ವರ್ಷ, ಎಂದ. ಹೀಗೆ ನಾಲ್ಕು ಮಾತಾಡಿ ಮತ್ತೆ, "ನಿಜವಾಗ್ಲೂ, ನೋವು ಹೇಗಿದೆ?" ಅಂದಳು.

"ಇದಕ್ಕಿಂತ ಕೆಟ್ಟದಾಗ್ಬೋದಿತ್ತು."

ಡಾಕ್ಟರ್ ಓರೆಗಣ್ಣಲ್ಲಿ ಇನೆಜ್‌ಳ ಕಡೆ ನೋಡಿದಳು. ಇನೆಜ್ ಉಸಿರು ಬಿಗಿಹಿಡಿದು ಮೂರನೆಯದಕ್ಕೆ ಕಾದಳು. ಅಷ್ಟರಲ್ಲಿ ಆರ್ವಿಡ್ ತಲೆ ತಿರುಗಿಸಿ, "ಇನೆಜ್, ಒಂದು ಕಾಫಿ ತರ್ತೀಯಾ" ಅಂದ.

ಇಂಥ ಹೊತ್ತಿನಲ್ಲಿ ಕಾಫಿ. ಇನೆಜ್‌ಗೆ ರೇಗಿಹೋಯಿತು. ಆದರೂ ಹೊರಟಳು, ಏಕೆಂದರೆ ಡಾಕ್ಟರ ಮುಂದೆ ಗಂಡನ ಜೊತೆ ಜಗಳವಾಡುವುದು ಆಗದ ಮಾತು. ಬಾಗಿಲು ದಾಟಿದ ಮೇಲೆ ಕೈಚೀಲ ಕುರ್ಚಿಯ ಬಳಿಯೇ ಉಳಿದದ್ದು ನೆನಪಾಯಿತು. ಕಾಸಿಲ್ಲದೆ ಕಾಫಿ ಕೊಡುವವರು ಯಾರು? ಹಿಂದಿರುಗಿ ಬಾಗಿಲ ಬಳಿಯ ಪರದೆಗೆ ಕೈ ಹಾಕಿದಳು.

"ಹೋದ್ಳಾ?" ಆರ್ವಿಡ್‌ನ ದನಿ.

"ಹೋದ್ರು" ಅಂದಳು ಡಾಕ್ಟರ್.

ಆಗ ಒಂದು ಸದ್ದು ಬಂತು. ಐವತ್ತಾರು ವರ್ಷದಲ್ಲಿ ಇನೆಜ್ ಕೇಳಿರದ ಸದ್ದು. ಹಳೆಯ ಕೊಟ್ಟಿಗೆಯ ಬಾಗಿಲನ್ನು ಗಾಳಿ ನಿಧಾನವಾಗಿ ತಳ್ಳಿದ ಹಾಗೆ, ಉದ್ದಕ್ಕೆ, ಆಳದಿಂದ. ಅದು ತನ್ನ ಗಂಡನ ನರಳಾಟ ಎಂದು ತಿಳಿಯಲು ಅವಳಿಗೆ ಒಂದು ಗಳಿಗೆ ಹಿಡಿಯಿತು.

"ಆರ್ವಿಡ್ ಅವ್ರೇ," ಡಾಕ್ಟರ ದನಿ ಮೆತ್ತಗಿತ್ತು, "ಮೂರನೇ ಸಲ ಕೇಳ್ತಿದೀನಿ. ಎಷ್ಟು?"

"ಒಂಬತ್ತು" ಅಂದ ಆರ್ವಿಡ್. "ರಾತ್ರಿಯೆಲ್ಲ ಒಂಬತ್ತು. ಉಸಿರು ಎಳೆದ್ರೂ ಚುಚ್ಚುತ್ತೆ. ಬೆಳಗಿಂದ ಅವಳನ್ನ ಕಾಫಿಗೆ ಕಳಿಸ್ತಾ ಇದೀನಿ. ಆ ಓಣಿ ಉದ್ದ ಇದೆ, ಅವಳು ಹೋಗಿ ಬರೋಷ್ಟು ಹೊತ್ತು ನರಳ್ಕೋತೀನಿ. ಬರೋದ್ರೊಳಗೆ ಸರಿಮಾಡ್ಕೋತೀನಿ."

"ಅವ್ರ ಎದುರಿಗೆ ನರಳಿದ್ರೆ ಏನಾಗುತ್ತೆ?"

"ಹೆದರ್ತಾಳೆ. ನನ್ನ ಎತ್ತೋಕೆ ಬರ್ತಾಳೆ. ನಿನ್ನೆ ಹಾಗೇ ಭುಜ ಉಳುಕಿಸ್ಕೊಂಡ್ಳು. ಕೇಳಿದ್ರೆ ಏನಿಲ್ಲ ಅಂತಾಳೆ. ಬಲು ಹಟದೋಳು." ಆಮೇಲೆ ಹೇಳಿದ, "ಇನ್ನೊಂದಿದೆ. ನಾನು ಐಸ್ ಮೇಲೆ ಜಾರ್ಲಿಲ್ಲ. ಐಸ್ ಕರಗೋಕೆ ಅಲ್ಲಿ ಚೆನ್ನಾಗಿ ಉಪ್ಪು ಹಾಕಿದ್ರು. ಕಣ್ಣಿಗೆ ಕತ್ತಲೆ ಬಂತು. ಹಾಗೆ ಬರ್ತಾ ಎರಡು ತಿಂಗಳಾಯ್ತು. ಅದನ್ನ ಅವಳಿಗೆ ಹೇಳ್ಬೇಡಿ."

ಪರದೆಯ ಹಿಂದೆ ನಿಂತ ಇನೆಜ್‌ಗೆ ಮೊದಲು ಬಂದದ್ದು ಸಿಟ್ಟು. ಎರಡು ತಿಂಗಳು. ಕಣ್ಣು ಕತ್ತಲೆ ಬರುವವನು ಎರಡು ತಿಂಗಳಿಂದ ಅವಳನ್ನು ಕೂರಿಸಿಕೊಂಡು ಕಾರು ಓಡಿಸಿದ್ದ. ಸಿಟ್ಟಿನ ಹಿಂದೆಯೇ ಬೇರೇನೋ ಬಂತು. ಕಿಟಕಿಯ ಕಟ್ಟೆಯ ಮೇಲಿನ ಲೋಟಗಳು ನೆನಪಾದವು. ಅವಳು ಅಷ್ಟು ಸಲ ಆ ಓಣಿಯ ಉದ್ದಕ್ಕೂ ನಡೆದಿದ್ದಳು, ಪ್ರತಿ ಸಲವೂ ಇವನು ಇಲ್ಲಿ ಒಬ್ಬನೇ ಹೀಗೆ ನರಳಿದ್ದ. ಪರದೆ ಸರಿಸಿ ಒಳಗೆ ಬಂದಳು.

"ಕೈಚೀಲ ಮರ್ತಿದ್ದೆ" ಅಂದಳು.

ಆರ್ವಿಡ್ ಅವಳ ಮುಖ ನೋಡಿದ. ಎಲ್ಲ ಕೇಳಿಸಿಕೊಂಡಿದ್ದಾಳೆ ಎಂದು ಅವನಿಗೆ ಗೊತ್ತಾಯಿತು. ಕದ್ದು ಸಿಕ್ಕಿಬಿದ್ದವನ ಹಾಗೆ ಹೊದಿಕೆಯ ಅಂಚು ಸರಿಮಾಡಿಕೊಂಡ.

ಡಾಕ್ಟರ್ ಆಗಲೇ ಎದ್ದಿದ್ದಳು. ಅವಳ ದನಿ ಬದಲಾಗಿತ್ತು, ಇನ್ನು ಯಾರನ್ನೂ ಮೂರು ಸಲ ಕೇಳುವ ದನಿಯಾಗಿರಲಿಲ್ಲ. "ಕಣ್ಣು ಕತ್ತಲೆ ಬಂದು ಬಿದ್ದಿದ್ದು ಅಂದ್ರೆ ಕಥೆನೇ ಬೇರೆ. ಹೃದಯ ನೋಡ್ಬೇಕು. ಈ ನೋವಿಗೆ ಮಾತ್ರೆ ಸಾಲಲ್ಲ, ನರಕ್ಕೇ ಕೊಡ್ಬೇಕು. ಈ ಗಳಿಗೆಯಿಂದ ನಿಮ್ಮನ್ನ ಅಡ್ಮಿಟ್ ಮಾಡ್ಕೋತಿದೀನಿ. ಎಷ್ಟು ದಿನ ಅಂತ ನಿಮ್ಮ ಹೃದಯ ಹೇಳ್ಬೇಕು, ಆದ್ರೆ ಗುರುವಾರಕ್ಕೆ ಮುಂಚೆ ಬಿಡೋ ಹಾಗೆ ಕಾಣಲ್ಲ."

ಸೋಮ, ಮಂಗಳ, ಬುಧ ಎಂದು ಇನೆಜ್ ಮನಸ್ಸಿನಲ್ಲೇ ಬೆರಳು ಮಡಚಿದಳು.

"ಇಷ್ಟೆಲ್ಲ ತೊಂದ್ರೆ ಯಾಕೆ" ಎಂದು ಆರ್ವಿಡ್ ಗೊಣಗಿದ.

"ಬಾಯ್ಮುಚ್ಚು" ಅಂದಳು ಇನೆಜ್. ಡಾಕ್ಟರ ಮುಂದೆಯೇ ಅಂದಳು.

ಬಾಗಿಲಲ್ಲಿ ಕೋಟು ಹೊತ್ತು ನಿಂತಿದ್ದ ಲವೋನ್ ಹೊರಟಿದ್ದ ಡಾಕ್ಟರಿಗೆ ಡಬ್ಬಿ ಒಡ್ಡಿದಳು. "ತಗೊಳ್ಳಿ, ಖರ್ಜೂರದ್ದು."

"ಬೇಡ, ಥ್ಯಾಂಕ್ಸ್" ಅಂದಳು ಡಾಕ್ಟರ್.

"ಒಂದು ತಗೊಳ್ಳಿ."

"ಅಯ್ಯೋ, ನಿಮಗ್ಯಾಕೆ ತೊಂದ್ರೆ."

"ತಗೊಳ್ಳಿ ಅಂದ್ನಲ್ಲ."

"ಸರಿ, ಅರ್ಧ" ಎಂದು ಡಾಕ್ಟರ್ ಒಂದು ತುಂಡನ್ನು ಮುರಿದುಕೊಂಡು ಹೋದಳು. ಈ ಹುಡುಗಿ ಇನ್ನು ಈ ಊರಲ್ಲಿ ಬಾಳಿಕೊಳ್ಳುತ್ತಾಳೆ ಅಂದಳು ಲವೋನ್.

ನರ್ಸ್ ಬಂದು ಸೂಜಿ ಹಾಕಿ ಔಷಧ ಹರಿಸಿದಳು, ಎದೆಗೆ ತಂತಿ ಅಂಟಿಸಿದಳು. ಸ್ವಲ್ಪ ಹೊತ್ತಿನಲ್ಲಿ ಆರ್ವಿಡ್‌ನ ಹಣೆಯ ಗಂಟು ಸಡಿಲಾಯಿತು. ಆ ಗಂಟು ನಿನ್ನೆಯಿಂದ ಅಲ್ಲಿತ್ತು ಎಂದು ಅದು ಹೋದ ಮೇಲೆ ಇನೆಜ್‌ಗೆ ತಿಳಿಯಿತು. ಲವೋನ್ ಮನೆಗೆ ಹೋದಳು. ಕೋಣೆಯಲ್ಲಿ ಇಬ್ಬರೇ ಉಳಿದರು. ಹೇಳಬೇಕಾದದ್ದು ಬಹಳ ಇತ್ತು, ಆದರೆ ಇಬ್ಬರಿಗೂ ಆ ಅಭ್ಯಾಸವಿರಲಿಲ್ಲ. ಇನೆಜ್ ಕಿಟಕಿಯ ಲೋಟಗಳನ್ನೆಲ್ಲ ಒಂದೊಂದಾಗಿ ತೊಟ್ಟಿಗೆ ಸುರಿದಳು. ಆಮೇಲೆ ಕೈಚೀಲ ಎತ್ತಿಕೊಂಡಳು.

"ಕಾಫಿ ತರ್ಲಾ?"

"ಬೇಡ" ಅಂದ ಆರ್ವಿಡ್.

ಅವಳು ಬಾಗಿಲವರೆಗೆ ಹೋಗಿ ತಿರುಗಿದಳು. "ಬಿಸಿಯಾಗಿ ಮಾಡಿಸ್ಕೊಂಡು ಬರ್ತೀನಿ."

"ಬೇಡ."

ಇನೆಜ್ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಕೇಳಲು ಅವಳಿಗೆ ಸ್ವಲ್ಪ ಹೆದರಿಕೆಯಾಯಿತು.

"ನಿಜವಾಗ್ಲೂ ಬೇಡ್ವಾ?"

ಆರ್ವಿಡ್ ಕಣ್ಣು ತೆರೆದು, ಸೂಜಿಯಿಲ್ಲದ ಕೈಯಿಂದ ಪಕ್ಕದ ಕುರ್ಚಿಯನ್ನು ತಟ್ಟಿದ.

"ಬೇಡ" ಅಂದ. "ಇಲ್ಲೇ ಕೂತ್ಕೋ."